ಆ ಪೆಟ್ಟಿಗೆಯೊಳಗಿನ ಉತ್ತರ ಯಾರದ್ದು?

ನಮಸ್ಕಾರ.

2021ರ ಜೂನ್ 3 ನಿಮಗೆ ನೆನಪಿದೆಯಾ? ಲಾಕ್‌ಡೌನ್ ಇನ್ನೂ ಮುಗಿದಿರಲಿಲ್ಲ. ಎಲ್ಲರೂ ಮನೆಯಲ್ಲೇ ಕೂತಿದ್ದೆವು. ವಾಟ್ಸಾಪ್ ತೆರೆದರೆ ಎಲ್ಲ ಗುಂಪಿನಲ್ಲೂ ಒಂದೇ ಸ್ಕ್ರೀನ್‌ಶಾಟ್. ಯಾರೋ ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ ಕೇಳಿದ್ದರು: ಭಾರತದ ಅತ್ಯಂತ ಕೊಳಕು ಭಾಷೆ ಯಾವುದು? ಪುಟದ ಮೇಲ್ತುದಿಯಲ್ಲಿ, ಒಂದು ಪೆಟ್ಟಿಗೆಯೊಳಗೆ ಉತ್ತರ ಇತ್ತು. ಕನ್ನಡ.

ನಾನು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ಬೀದಿಯಲ್ಲಿ ಹೋಗುವ ಯಾರೋ ಹಾಗೆ ಹೇಳಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಇದು ದಿನಾ ಬೆಳಿಗ್ಗೆ ಎದ್ದು ನಾವೆಲ್ಲ ಏನಾದರೊಂದು ಕೇಳುವ ಜಾಗ. ಅಲ್ಲಿ ಹೀಗೆ ಬಂದಿತ್ತು.

ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಅವರು ಲೀಗಲ್ ನೋಟಿಸ್ ಕೊಡುತ್ತೇವೆ ಎಂದರು. ಗೂಗಲ್ ಆ ಉತ್ತರವನ್ನು ತೆಗೆಯಿತು, ಕ್ಷಮೆಯನ್ನೂ ಕೇಳಿತು. ಇದು ನಮ್ಮ ಅಭಿಪ್ರಾಯ ಅಲ್ಲ, ಇಂಟರ್‌ನೆಟ್‌ನಲ್ಲಿ ಇರುವುದು ಕೆಲವೊಮ್ಮೆ ಹೀಗೆ ಬಂದುಬಿಡುತ್ತದೆ ಎಂಬ ಅರ್ಥದ ಮಾತು ಹೇಳಿತು. ಸುದ್ದಿ ಮುಗಿಯಿತು.

ನನಗೆ ಮಾತ್ರ ಮುಗಿಯಲಿಲ್ಲ. ಆ ಪದವನ್ನು ಆ ಪೆಟ್ಟಿಗೆಯಲ್ಲಿ ಇಟ್ಟವರು ಯಾರು? ಇವತ್ತು ಅದನ್ನೇ ಮಾತಾಡೋಣ. ಅದಕ್ಕೆ ಮೊದಲು ನಿಮ್ಮನ್ನು ನಮ್ಮ ಚಿಕ್ಕಮ್ಮನ ಅಡುಗೆಮನೆಗೆ ಕರೆದುಕೊಂಡು ಹೋಗಬೇಕು. ಯಾಕೆ ಅಂತ ಈಗ ಗೊತ್ತಾಗುತ್ತದೆ.

ನಮ್ಮ ಚಿಕ್ಕಮ್ಮನದು ಮಲೆನಾಡು. ಅವರ ಅಡುಗೆಗಳನ್ನು ನಾನು ಒಂದು ಸಣ್ಣ ವೆಬ್‌ಸೈಟಿನಲ್ಲಿ ಬರೆದಿಡುತ್ತಿದ್ದೇನೆ. ಮೊದಲು ಬರೆದದ್ದು ದೊಡ್ಡಪತ್ರೆ ತಂಬುಳಿ. ಗೂಗಲ್‌ನಲ್ಲಿ ಅಡುಗೆ ಹುಡುಕಿದರೆ ಕೆಲವು ಸೈಟ್‌ಗಳಿಗೆ ಫೋಟೋ ಇರುತ್ತದೆ, ಎಷ್ಟು ನಿಮಿಷ ಬೇಕು ಎಂದು ಇರುತ್ತದೆ, ನಕ್ಷತ್ರ ಇರುತ್ತದೆ. ಉಳಿದವಕ್ಕೆ ಬರೀ ನೀಲಿ ಸಾಲು, ಕೆಳಗೆ ಎರಡು ವಾಕ್ಯ. ಆ ಅಲಂಕಾರ ಇರುವುದಕ್ಕೆ ರಿಚ್ ರಿಸಲ್ಟ್ ಎನ್ನುತ್ತಾರೆ. ಗೂಗಲ್ ಇದನ್ನು ಶುರು ಮಾಡಿದ್ದು 2009ರಲ್ಲಿ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಮೂರೂ ಸೇರಿ ಇದಕ್ಕೊಂದು ಸಾಮಾನ್ಯ ಪದಕೋಶ ಮಾಡಿದವು. ಹೆಸರು ಸ್ಕೀಮಾ ಡಾಟ್ ಆರ್ಗ್.

ಅದು ಕೆಲಸ ಮಾಡುವುದು ಡಬ್ಬಿಗಳ ಮೇಲೆ ಚೀಟಿ ಅಂಟಿಸಿದ ಹಾಗೆ. ಇದು ಜೀರಿಗೆ, ಇದು ಮೆಂತ್ಯ. ಪುಟವನ್ನು ಓದುವ ನಮಗೆ ಚೀಟಿ ಬೇಡ, ನೋಡಿದರೆ ಗೊತ್ತಾಗುತ್ತದೆ. ಯಂತ್ರಕ್ಕೆ ಬೇಕು. ಇದು ಅಡುಗೆಯ ಹೆಸರು, ಇದು ಫೋಟೋ, ಇದು ಬೇಕಾಗುವ ಸಾಮಾನು, ಇದು ತಯಾರಿಯ ಸಮಯ, ಇದು ಬೇಯಿಸುವ ಸಮಯ. ಪುಟದ ಒಳಗೆ ಕಣ್ಣಿಗೆ ಕಾಣದ ಹಾಗೆ ಇದನ್ನೆಲ್ಲ ಬರೆಯಬೇಕು.

ನಾನು ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳಿದೆ, ತಂಬುಳಿಗೆ ಎಷ್ಟು ಹೊತ್ತು ಬೇಕು ಅಂತ.

'ಅದನ್ನ ಹ್ಯಾಗೆ ಹೇಳಲಿ ಮಗಾ? ಹಿತ್ತಲಿಗೆ ಹೋಗಿ ಎಲೆ ಕೊಯ್ಯೋದರಿಂದ ಲೆಕ್ಕ ಹಾಕಬೇಕಾ, ಬಾಣಲೆ ಇಟ್ಟ ಮೇಲಿಂದ ಹಾಕಬೇಕಾ?'

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಆ ಚೀಟಿಗಳಲ್ಲೂ ಎರಡು ಸಮಯ ಬೇರೆ ಬೇರೆಯೇ ಇವೆ. ಎಲೆ ಕೊಯ್ದು, ತೊಳೆದು, ಕಾಯಿ ತುರಿಯಲು ಹತ್ತು ನಿಮಿಷ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು ಹಾಕಿ ಎಲೆ ಬಾಡಿಸಲು ಐದು ನಿಮಿಷ. ಆಮೇಲೆ ರುಬ್ಬಿ ಮಜ್ಜಿಗೆಗೆ ಕಲಸುವುದು, ಅಷ್ಟೇ. ತಂಬುಳಿಯನ್ನು ಕುದಿಸುವುದಿಲ್ಲ.

ನಾನು 'ಹದಿನೈದು ನಿಮಿಷ' ಎಂದು ಕನ್ನಡದಲ್ಲೇ ಬರೆದೆ. ಯಂತ್ರ ಒಪ್ಪಲಿಲ್ಲ. ಅದಕ್ಕೆ ಪಿಟಿ15ಎಂ ಎಂದೇ ಬರೆಯಬೇಕು, ಅದು ಅಂತರರಾಷ್ಟ್ರೀಯ ಪದ್ಧತಿ. ತಪ್ಪು ನನ್ನದೇ, ತಿದ್ದಿದೆ. ಪರೀಕ್ಷೆ ಮಾಡುವ ಸಾಧನದಲ್ಲಿ ಹಸಿರು ಟಿಕ್ ಬಂತು. ಸರಿ, ನಾಳೆ ಗೂಗಲ್‌ನಲ್ಲಿ ಫೋಟೋ ಬರುತ್ತದೆ ಎಂದುಕೊಂಡೆ.

ಬರಲಿಲ್ಲ. ವಾರಗಟ್ಟಲೆ ಬರಲಿಲ್ಲ.

ಆಗ ಅವರ ನಿಯಮಗಳನ್ನು ಕೂತು ಓದಿದೆ. ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಚೀಟಿ ಸರಿಯಾಗಿದ್ದರೂ ತೋರಿಸಿಯೇ ತೋರಿಸುತ್ತೇವೆ ಎಂಬ ಭರವಸೆ ಇಲ್ಲ. ಯಾರು ಹುಡುಕುತ್ತಿದ್ದಾರೆ, ಎಲ್ಲಿಂದ, ಯಾವ ಸಾಧನದಿಂದ, ಇದನ್ನೆಲ್ಲ ನೋಡಿ ಯಂತ್ರವೇ ತೀರ್ಮಾನ ಮಾಡುತ್ತದೆ. ಅಂದರೆ ಚೀಟಿ ಒಂದು ಅರ್ಜಿ. ಮಂಜೂರಾಗುವುದು ಬಿಡುವುದು ಅವರ ಕೈಯಲ್ಲಿ.

ಇದರಿಂದ ನನಗೆ ಬೇಸರವಾಯಿತು ನಿಜ. ಆದರೆ ಆಮೇಲೆ ಯೋಚಿಸಿದರೆ, ಹಾಗೆ ಇಲ್ಲದಿದ್ದರೆ ಏನಾಗುತ್ತಿತ್ತು ಗೊತ್ತಾ? ನನ್ನ ಸ್ನೇಹಿತರೊಬ್ಬರಿಗೆ ಸೀರೆ ಅಂಗಡಿ ಇದೆ. ಒಂದು ಏಜೆನ್ಸಿಯವರು ಬಂದು, ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಹೆಸರಿನ ಕೆಳಗೆ ನಕ್ಷತ್ರ ಬರಿಸುತ್ತೇವೆ ಎಂದು ದುಡ್ಡು ತೆಗೆದುಕೊಂಡರು. ನಾನು ಸೈಟಿನ ಒಳಗೆ ನೋಡಿದೆ. ಐದಕ್ಕೆ 4.9, ಮುನ್ನೂರು ಚಿಲ್ಲರೆ ವಿಮರ್ಶೆ ಎಂದು ಚೀಟಿ ಹಾಕಿದ್ದರು. ಪುಟದಲ್ಲಿ ಒಂದೇ ಒಂದು ವಿಮರ್ಶೆ ಇರಲಿಲ್ಲ! ಖಾಲಿ ಡಬ್ಬಿಗೆ ತುಪ್ಪ ಎಂದು ಚೀಟಿ ಅಂಟಿಸಿದ ಹಾಗೆ. ನಕ್ಷತ್ರ ಬರಲೇ ಇಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ಅಂಗಡಿಯವರು ತಮ್ಮ ಅಂಗಡಿಗೆ ತಮ್ಮದೇ ಸೈಟಿನಲ್ಲಿ ಹಾಕಿಕೊಂಡ ನಕ್ಷತ್ರವನ್ನು ತೋರಿಸುವುದನ್ನು ಗೂಗಲ್ 2019ರ ಸೆಪ್ಟೆಂಬರ್‌ನಲ್ಲೇ ನಿಲ್ಲಿಸಿದೆ. ಏಜೆನ್ಸಿಯವರಿಗೆ ಅದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಲಿಲ್ಲವೋ. ಅಂಗಡಿ ಇಟ್ಟುಕೊಂಡವರು ದಯವಿಟ್ಟು ಇದನ್ನು ನೆನಪಿಡಿ. ಪುಟದಲ್ಲಿ ಓದುಗರಿಗೆ ಕಾಣದ ಯಾವುದನ್ನೂ ಚೀಟಿಯಲ್ಲಿ ಬರೆಯುವ ಹಾಗಿಲ್ಲ. ಸಿಕ್ಕಿಬಿದ್ದರೆ ಆ ಅಲಂಕಾರದ ಅವಕಾಶವೇ ಹೋಗುತ್ತದೆ.

ಪ್ರಶ್ನೋತ್ತರದ ಚೀಟಿಯ ಕಥೆಯೂ ಹೀಗೇ ಆಯಿತು. ಪುಟದಲ್ಲಿರುವ ಪ್ರಶ್ನೆ, ಉತ್ತರಗಳನ್ನು ಗೂಗಲ್ ಫಲಿತಾಂಶದಲ್ಲೇ ತೋರಿಸುವ ಅಲಂಕಾರ ಅದು. ಫಲಿತಾಂಶದ ಕೆಳಗೆ ಜಾಸ್ತಿ ಜಾಗ ಸಿಗುತ್ತದೆ ಎಂದು ಕಂಡಕಂಡ ಪುಟಗಳಿಗೆಲ್ಲ ನಾಲ್ಕು ಪ್ರಶ್ನೆ, ನಾಲ್ಕು ಉತ್ತರ ಸೇರಿಸಿದರು. 2023ರ ಆಗಸ್ಟ್‌ನಲ್ಲಿ ಗೂಗಲ್ ಅದನ್ನು ಹೆಸರಾಂತ ಸರ್ಕಾರಿ ಮತ್ತು ಆರೋಗ್ಯದ ಸೈಟ್‌ಗಳಿಗೆ ಮಾತ್ರ ಉಳಿಸಿತು.

ಈಗ ಮತ್ತೆ ಆ ಪೆಟ್ಟಿಗೆಗೆ ಬರೋಣ.

ಕನ್ನಡವನ್ನು ಬೈದ ಪೆಟ್ಟಿಗೆ ಇದೆಯಲ್ಲ, ಅದು ಬೇರೆ ಜಾತಿ. ಅದಕ್ಕೆ ಫೀಚರ್ಡ್ ಸ್ನಿಪೆಟ್ ಎನ್ನುತ್ತಾರೆ. ಅದಕ್ಕೆ ಚೀಟಿಯೇ ಬೇಕಿಲ್ಲ. ನನ್ನ ಸಾಲನ್ನು ಎತ್ತಬೇಡಿ ಎಂದು ಸೈಟಿನವರು ಹೇಳಬಹುದು, ನನ್ನದನ್ನೇ ಎತ್ತಿ ಎಂದು ಹೇಳುವ ದಾರಿ ಇಲ್ಲ. ಯಂತ್ರ ತಾನೇ ಸಾವಿರಾರು ಪುಟ ನೋಡಿ, ಕೇಳಿದ ಪ್ರಶ್ನೆಗೆ ಹೊಂದುವ ಒಂದು ತುಂಡನ್ನು ಕಿತ್ತು ಮೇಲೆ ಇಡುತ್ತದೆ.

ಹೊಂದುವುದು ಎಂದರೆ ಏನು? ಇಲ್ಲೇ ಇರುವುದು ವಿಷಯ. ಭಾಷೆ ಬಲ್ಲ ಯಾರೂ 'ಅತ್ಯಂತ ಕೊಳಕು ಭಾಷೆ' ಎಂದು ಒಂದು ಪುಟ ಬರೆಯುವುದಿಲ್ಲ. ಭಾಷೆಗೆ ಕೊಳಕು, ಚೆಂದ ಎಂಬ ಅಳತೆಯೇ ಇಲ್ಲ ಎಂದು ಅವರಿಗೆ ಗೊತ್ತು. ಹಾಗಾಗಿ ಆ ಪ್ರಶ್ನೆಗೆ ಪದಕ್ಕೆ ಪದ ಹೊಂದುವ ಸಾಲು ಇದ್ದದ್ದು ಭಾಷೆಗೂ ತನಗೂ ಯಾವ ಸಂಬಂಧವೂ ಇಲ್ಲದ ಒಂದು ಸೈಟಿನಲ್ಲಿ. ತಿಳಿದವರು ಸುಮ್ಮನಿದ್ದ ಜಾಗದಲ್ಲಿ ತಿಳಿಯದವನ ಒಂದೇ ಸಾಲು ಗೆದ್ದಿತು. ಹಲ್ಮಿಡಿ ಶಾಸನ, ಕವಿರಾಜಮಾರ್ಗ ಎಂದು ಆ ದಿನ ನಾವೆಲ್ಲ ಬರೆದೆವು. ಬರೆದದ್ದು ತಪ್ಪಲ್ಲ. ಆದರೆ ಯಂತ್ರ ಅದನ್ನೆಲ್ಲ ತೂಗಿ ನೋಡಿ ನಮ್ಮನ್ನು ಕೀಳು ಎಂದಿರಲಿಲ್ಲ. ತೂಗುವ ಕೆಲಸವನ್ನೇ ಅದು ಮಾಡಿರಲಿಲ್ಲ.

ಇದು ನಮಗೊಬ್ಬರಿಗೇ ಆದದ್ದೂ ಅಲ್ಲ. ರೋಮನ್ನರು ರಾತ್ರಿ ಹೊತ್ತು ಸಮಯ ಹೇಗೆ ನೋಡುತ್ತಿದ್ದರು ಎಂದು ಕೇಳಿದರೆ ಅದೇ ಪೆಟ್ಟಿಗೆ ನೆರಳು ಗಡಿಯಾರ ಎಂದು ಉತ್ತರ ಕೊಟ್ಟಿತ್ತು. ರಾತ್ರಿ ಬಿಸಿಲೆಲ್ಲಿ, ನೆರಳೆಲ್ಲಿ? 2018ರಲ್ಲಿ ಗೂಗಲ್‌ನವರೇ ಈ ತಪ್ಪನ್ನು ಬರೆದು ಒಪ್ಪಿಕೊಂಡರು. ಸ್ನೂಪಿ ಎಂಬ ಕಾರ್ಟೂನ್ ನಾಯಿ ಅಬ್ರಹಾಂ ಲಿಂಕನ್‌ನನ್ನು ಯಾವಾಗ ಕೊಂದಿತು ಎಂದು ಕೇಳಿದರೆ ಲಿಂಕನ್ ಸತ್ತ ತಾರೀಕು ಬರುತ್ತಿತ್ತು. ಪ್ರಶ್ನೆಯೇ ತಪ್ಪು ಎನ್ನಲು ಅದಕ್ಕೆ ಬರುತ್ತಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಇಂಥ ಪ್ರಶ್ನೆಗಳಿಗೆ ಪೆಟ್ಟಿಗೆ ತೋರಿಸುವುದನ್ನು ಶೇಕಡಾ 40ರಷ್ಟು ಕಡಿಮೆ ಮಾಡಿದ್ದೇವೆ ಎಂದು ಗೂಗಲ್ ಹೇಳಿತು.

ಒಳ್ಳೆಯದೇ. ಆದರೆ ನನ್ನ ತಕರಾರು ಬೇರೆ. ತಪ್ಪು ಉತ್ತರ ಹತ್ತನೇ ಸಾಲಿನಲ್ಲಿ ಇದ್ದರೆ ಅದು ಯಾರೋ ಒಬ್ಬನ ಮಾತು. ಪೆಟ್ಟಿಗೆ ಕಟ್ಟಿ, ಅಕ್ಷರ ದೊಡ್ಡದು ಮಾಡಿ, ಎಲ್ಲಕ್ಕಿಂತ ಮೇಲೆ ಕೂರಿಸಿದರೆ ಅದು ತೀರ್ಪಿನ ಹಾಗೆ ಕಾಣುತ್ತದೆ. ಊರ ಪಂಚಾಯಿತಿಯಲ್ಲಿ ಯಾರೋ ಹಿಂದಿನಿಂದ ಕೂಗಿದ್ದಕ್ಕೂ, ಕಟ್ಟೆಯ ಮೇಲೆ ಕೂತ ಹಿರಿಯರು ಹೇಳಿದ್ದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹಿಂದೆ ಕೂಗಿದವನನ್ನು ಕೈಹಿಡಿದು ಕಟ್ಟೆ ಹತ್ತಿಸಿದವರು, ಆಮೇಲೆ ಅವನ ಮಾತು ನಮ್ಮದಲ್ಲ ಎಂದರೆ ಸಾಲದು. ಬರೆದದ್ದು ಅವರಲ್ಲ, ಒಪ್ಪುತ್ತೇನೆ. ಕಟ್ಟೆ ಹತ್ತಿಸಿದ್ದು ಅವರೇ.

ಭಾಷೆ, ಜಾತಿ, ಊರು, ಜನ, ಇವುಗಳಲ್ಲಿ ಯಾವುದು ಕೆಟ್ಟದ್ದು ಎಂಬ ಪ್ರಶ್ನೆಗೆ ಪೆಟ್ಟಿಗೆಯೇ ಬರಬಾರದು. ಹತ್ತು ಸಾಲು ಪಟ್ಟಿ ಕೊಡಲಿ, ಓದುವವರು ಓದಿಕೊಳ್ಳಲಿ. ಈಗ ಎಐ ಬರೆದ ಸಾರಾಂಶವೇ ಆ ಜಾಗಕ್ಕೆ ಬಂದಿದೆ. 2024ರ ಮೇನಲ್ಲಿ ಅಮೆರಿಕದಲ್ಲಿ ಅದು ಶುರುವಾದ ಕೆಲವೇ ದಿನಕ್ಕೆ, ಪಿಜ್ಜಾದ ಮೇಲೆ ಚೀಸ್ ಕೂರಲು ಗೋಂದು ಹಾಕಿ ಎಂದು ಹೇಳಿತು. ಯಾರೋ ವರ್ಷಗಳ ಹಿಂದೆ ತಮಾಷೆಗೆ ಬರೆದ ಸಾಲು. ರೋಗ ಅದೇ.

ಇನ್ನೊಂದು ಮಾತು ನಮ್ಮ ಕಡೆಗೆ. ಯಂತ್ರ ಇರುವುದರಲ್ಲಿ ತಾನೇ ಆರಿಸುವುದು? 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು 30 ಸಾವಿರ ದಾಟಿವೆ. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಜಾಸ್ತಿ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ ಜನ. ಮಗುವಿಗೆ ಜ್ವರ ಬಂದರೆ ಏನು ಮಾಡಬೇಕು, ಅಡಿಕೆಗೆ ಕೊಳೆರೋಗ ಬಂದರೆ ಯಾವ ಔಷಧಿ ಹೊಡೆಯಬೇಕು ಎಂದು ಕನ್ನಡದಲ್ಲಿ ಕೇಳಿದಾಗ, ತಿಳಿದವರು ಬರೆದ ಒಂದು ಒಳ್ಳೆಯ ಪುಟ ಇಲ್ಲದಿದ್ದರೆ ಯಂತ್ರ ತಿಳಿಯದವರ ಪುಟವನ್ನೇ ಎತ್ತುತ್ತದೆ. ಡಾಕ್ಟರುಗಳೇ, ಮೇಷ್ಟ್ರುಗಳೇ, ಕೃಷಿ ಅಧಿಕಾರಿಗಳೇ, ನೀವು ದಿನಾ ಬಾಯಲ್ಲಿ ಹೇಳುವುದನ್ನು ಒಂದು ಪುಟ ಬರೆದು ಹಾಕಿ. ಚೀಟಿ ಅಂಟಿಸುವುದನ್ನು ನಾನು ಹೇಳಿಕೊಡುತ್ತೇನೆ. ಕೆಳಗೆ ಕಾಮೆಂಟ್ ಮಾಡಿದರೆ ಸಾಕು.

ಹಾಗೆಯೇ, ಪೆಟ್ಟಿಗೆಯಲ್ಲಿ ತಪ್ಪು ಕಂಡರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಫೀಡ್‌ಬ್ಯಾಕ್ ಎಂದು ಇರುತ್ತದೆ. ಸ್ಕ್ರೀನ್‌ಶಾಟ್ ಹಂಚುವ ಮೊದಲು ಅದನ್ನು ಒತ್ತಿ.

ಚಿಕ್ಕಮ್ಮನ ತಂಬುಳಿ ಏನಾಯಿತು ಎಂದು ಕೇಳುತ್ತೀರಿ. ಹೋದ ತಿಂಗಳು ಹುಡುಕಿದಾಗ ಕಾಣಿಸಿತು. ಹಿತ್ತಾಳೆ ಲೋಟದ ಫೋಟೋ, ಪಕ್ಕದಲ್ಲಿ 15 ನಿಮಿಷ. ಫೋನನ್ನು ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದರು. ಕೆಳಗಿನ ಸೈಟಿಗೆ ನಕ್ಷತ್ರ ಇದೆಯಲ್ಲ, ನಮ್ಮದಕ್ಕೆ ಯಾಕಿಲ್ಲ ಎಂದರು. ಇನ್ನೂ ಯಾರೂ ಮಾಡಿ ನೋಡಿ ಕೊಟ್ಟಿಲ್ಲ ಚಿಕ್ಕಮ್ಮ ಎಂದೆ.

'ಹಾಗಾದರೆ ಬೇಡ ಬಿಡು' ಎಂದು ಫೋನ್ ವಾಪಸ್ ಕೊಟ್ಟರು.