ಹುಳವಿಲ್ಲದ ಹುಳುಕು

ಕೇಳುಗರೇ, ನಮಸ್ಕಾರ.

'ಹುಳುಕು ಹಲ್ಲು' ಎಂದೊಡನೆ ಒಳಗೆಲ್ಲೋ ಹುಳ ಹೊಕ್ಕಿದೆ ಅನ್ನಿಸುತ್ತದೆ, ಅಲ್ಲವೇ? ಹಾಗೆ ನಂಬಿದವರು ನಾವಷ್ಟೇ ಅಲ್ಲ. ಪ್ರಾಚೀನ ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕಗಳಲ್ಲೂ ಹಲ್ಲು ಕೊರೆಯುವ ಹುಳದ ಕಥೆಯಿದೆ. ನಿಜದಲ್ಲಿ ಅಲ್ಲಿ ಹುಳ ಇಲ್ಲ. ನಾವು ತಿಂದ ಸಕ್ಕರೆಯನ್ನು ಬಾಯಲ್ಲಿರುವ ಬ್ಯಾಕ್ಟೀರಿಯಾ ಆಮ್ಲ ಮಾಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ.

ಹಲ್ಲಿನ ಹೊರಪದರ ಎನಾಮಲ್. ತೂಕದಲ್ಲಿ ಸುಮಾರು ಶೇಕಡಾ 96ರಷ್ಟು ಖನಿಜ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಆದರೆ ಅದಕ್ಕೆ ನರವಿಲ್ಲ, ಜೀವಕೋಶವೂ ಇಲ್ಲ. ನರವಿಲ್ಲ, ಹಾಗಾಗಿ ಹುಳುಕು ಶುರುವಾದದ್ದು ತಿಳಿಯುವುದೇ ಇಲ್ಲ. ಜೀವಕೋಶವಿಲ್ಲ, ಹಾಗಾಗಿ ಮುರಿದ ಮೂಳೆ ಕೂಡಿಕೊಳ್ಳುವಂತೆ ತೂತಾದ ಹಲ್ಲು ಕೂಡಿಕೊಳ್ಳುವುದಿಲ್ಲ. ಹುಳುಕು ಶುರುವಿನಲ್ಲಿ ಬರೀ ಬಿಳಿ ಮಚ್ಚೆಯಾಗಿದ್ದಾಗ ಫ್ಲೋರೈಡ್‌ನಿಂದ ತಡೆಯಬಹುದು. ಗುಳಿ ಬಿದ್ದ ಮೇಲೆ ತುಂಬಿಸಲೇಬೇಕು. ತಣ್ಣೀರಿಗೆ ಹಲ್ಲು ಜುಮ್ಮೆಂದರೆ ಹುಳುಕು ಒಳಗಿನ ಮೆತ್ತನೆಯ ಡೆಂಟಿನ್ ಮುಟ್ಟಿರಬಹುದು. ರಾತ್ರಿ ನಿದ್ದೆ ಬಿಡಿಸುವ ನೋವು ಬಂತೆಂದರೆ ಅದು ಬಹುಮಟ್ಟಿಗೆ ನರದ ಮಾತು. ಆಗ ಬರೀ ಫಿಲ್ಲಿಂಗ್ ಸಾಲದು, ಒಳಗಿನ ಕೆಟ್ಟ ನರ ತೆಗೆದು ತುಂಬುವ ರೂಟ್ ಕೆನಾಲ್ ಬೇಕಾಗಬಹುದು. 'ನೋವಿಲ್ಲವಲ್ಲ, ಆಮೇಲೆ ನೋಡೋಣ' ಅನ್ನುವವರಿಗಾಗಿ ಇಷ್ಟು ಉದ್ದ ಹೇಳಿದೆ.

'ಹಲ್ಲಿಗೆ ಸಿಮೆಂಟ್ ಹಾಕಿಸಿದೆ' ಅನ್ನುತ್ತೇವೆ. ಹಾಕುವುದಕ್ಕಿಂತ ಮುಂಚೆ ತೆಗೆಯುವ ಕೆಲಸವಿದೆ. ಕೊಳೆತದ್ದನ್ನು ಕೆರೆದು ಚೊಕ್ಕ ಮಾಡಬೇಕು. ಹಿಂದೆ ತುಂಬುತ್ತಿದ್ದುದು ಬೆಳ್ಳಿ ಬಣ್ಣದ ಅಮಾಲ್ಗಮ್ ಎಂಬ ಮಿಶ್ರಲೋಹ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಅದು ಹಲ್ಲಿಗೆ ಅಂಟುವುದಿಲ್ಲ. ಆದ್ದರಿಂದ ಬಾಯಿ ಕಿರಿದು, ತಳ ಅಗಲವಾದ ಮಡಕೆಯಂತೆ ಗುಳಿ ತೋಡಬೇಕಿತ್ತು. ಆ ನೆಪದಲ್ಲಿ ಒಳ್ಳೆಯ ಹಲ್ಲೂ ಹೋಗುತ್ತಿತ್ತು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಎಂಬ ದಂತವೈದ್ಯರು ಎನಾಮಲ್ಲಿಗೆ ಫಾಸ್ಫಾರಿಕ್ ಆಮ್ಲ ಸವರಿ ನೋಡಿದರು. ಮೇಲ್ಮೈ ತರಿತರಿಯಾಗಿ, ಪ್ಲಾಸ್ಟಿಕ್‌ನಂಥ ರಾಳ (ರೆಸಿನ್) ಅದರಲ್ಲಿ ಕಚ್ಚಿಕೊಂಡಿತು. ತಮಾಷೆ ನೋಡಿ, ಹಲ್ಲು ಕೆಡಿಸುವುದೂ ಆಮ್ಲ, ಫಿಲ್ಲಿಂಗ್ ನಿಲ್ಲಿಸುವುದೂ ಆಮ್ಲ! ಹಲ್ಲಿನದೇ ಬಣ್ಣದ, ರಾಳದಿಂದಾದ ಇಂದಿನ ಕಾಂಪೊಸಿಟ್ ಫಿಲ್ಲಿಂಗ್ ನಿಂತಿರುವುದು ಇದರ ಮೇಲೆಯೇ. ಅದನ್ನು ತೆಳು ಪದರಗಳಲ್ಲಿ ಇಟ್ಟು ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುತ್ತಾರೆ. ಎಂಜಲು ತಗುಲಿದರೆ ಸರಿಯಾಗಿ ಅಂಟದು. ಬಾಯ್ತುಂಬ ಹತ್ತಿ ತುರುಕುವುದು ಅದಕ್ಕೇ.

ಪಾದರಸ ಪರಿಸರಕ್ಕೆ ಸೇರಬಾರದೆಂದು 2013ರಲ್ಲಿ ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಯುರೋಪಿಯನ್ ಒಕ್ಕೂಟ 2025ರ ಜನವರಿ 1ರಿಂದ, ವೈದ್ಯಕೀಯವಾಗಿ ತೀರಾ ಅಗತ್ಯವಿದ್ದಲ್ಲಿ ಬಿಟ್ಟರೆ, ಅಮಾಲ್ಗಮ್ ನಿಲ್ಲಿಸಿದೆ. ಹಾಗೆಂದು ಬಾಯಲ್ಲಿ ಗಟ್ಟಿಯಾಗಿರುವ ಹಳೆಯ ಬೆಳ್ಳಿ ಫಿಲ್ಲಿಂಗನ್ನು ಹೆದರಿ ಕೀಳಿಸಬೇಕಾಗಿಲ್ಲ.

ಫಿಲ್ಲಿಂಗ್ ಮುಗಿದ ಮೇಲೆ ಕೊನೆಯಲ್ಲಿ ಬಣ್ಣದ ಕಾಗದ ಕಚ್ಚಿಸಿ 'ಎತ್ತರ ಅನ್ನಿಸುತ್ತಾ?' ಎಂದು ಕೇಳುತ್ತಾರೆ. ಜೋಮು ಹಿಡಿದ ಬಾಯಿ ಏನು ಹೇಳೀತು! ಸಂಕೋಚಕ್ಕೆ ತಲೆಯಾಡಿಸಿ ಬರುವವರೇ ಹೆಚ್ಚು. ನಾಲ್ಕಾರು ದಿನ ತಣ್ಣನೆಯದಕ್ಕೆ ಜುಮ್ಮೆನ್ನುವುದು ಸಹಜ. ಆದರೆ ಜೋಮು ಇಳಿದ ಮೇಲೂ ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಮರಳಿ ಹೋಗಿ. ಉಜ್ಜಿ ಸರಿಮಾಡಲು ಐದು ನಿಮಿಷವೂ ಬೇಡ.

ನಮಸ್ಕಾರ.