ಸೆಂಟು ಹಚ್ಚಿಕೊಂಡ ಗಿರಾಕಿಯನ್ನು ಹೊರಗೆ ಬಿಡಿ!

ಎಲ್ಲರಿಗೂ ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ನಿಮ್ಮಂಥವರು ಟೆಸ್ಟರ್ ಹಚ್ಚಿಕೊಂಡು ಬರಿಗೈಲಿ ಹೋದರೆ ಅಂಗಡಿಯವರು ಬದುಕುವುದು ಹೇಗೆ?"

ಹೌದು, ಹಚ್ಚಿ ನೋಡಲೆಂದೇ ಅಂಗಡಿಯಲ್ಲಿ ಇಟ್ಟಿರುವ ಆ ಟೆಸ್ಟರ್ ಬಾಟಲಿಯಿಂದ ಹಚ್ಚಿಕೊಂಡು ಹೋಗುತ್ತೇನೆ. ಹೋಗಲೇಬೇಕು! ಸೆಂಟು ಕೊಳ್ಳುವ ಸರಿಯಾದ ದಾರಿ ಅದೊಂದೇ.

ಯಾಕೆ ಅಂತ ಕೇಳಿ. ಸ್ಪ್ರೇ ಮಾಡಿದ ಕೂಡಲೇ ಮೂಗಿಗೆ ಬಡಿಯುವುದು ಟಾಪ್ ನೋಟ್. ನಿಂಬೆ, ಕಿತ್ತಳೆ, ಬರ್ಗಮಾಟ್ ಥರದ ಹಗುರ ಘಮಗಳು. ಬೇಗ ಆವಿಯಾಗುತ್ತವೆ, ಹದಿನೈದು ಇಪ್ಪತ್ತು ನಿಮಿಷಕ್ಕೆ ಬಹುಪಾಲು ಹೊರಟೇ ಹೋಗುತ್ತವೆ. ಆಮೇಲೆ ಮಲ್ಲಿಗೆ, ಗುಲಾಬಿಯಂಥ ಹೂವಿನ ಘಮ ಏಳುತ್ತದೆ. ಗಂಧ, ಪಚೌಲಿ, ವೆನಿಲಾ, ಮಸ್ಕ್ ಕೊನೆಗೆ ಉಳಿಯುವವು, ಅದೂ ಗಂಟೆಗಟ್ಟಲೆ. ಅಂದರೆ ಕೌಂಟರ್‌ನಲ್ಲಿ ಮೂಸಿ ದುಡ್ಡು ಕೊಟ್ಟ ಘಮವೇ ಬೇರೆ, ದಿನವಿಡೀ ಮೈಮೇಲಿರುವ ಘಮವೇ ಬೇರೆ. ಅದಕ್ಕೇ ಹೇಳುವುದು: ಮೈಗೆ ಹಚ್ಚಿ, ಹೊರಗೆ ಬಿಡಿ, ದುಡ್ಡು ಸಂಜೆ ಕೇಳಿ.

"ಸೆಂಟು ಹಾಕಿ ಮೂಸಲು ಪೇಪರ್ ಪಟ್ಟಿ ಕೊಡುತ್ತೇವಲ್ಲ" ಎನ್ನುತ್ತಾರೆ ಅಂಗಡಿಯವರು. ಪೇಪರ್ ಬೆವರುತ್ತದಾ? ಅದಕ್ಕೆ ಮೈಬಿಸಿ ಇದೆಯಾ? ಆ ಪಟ್ಟಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಮದುವೆಗೆ ಹೋಗಲೇ?

ಇನ್ನು ಸೆಂಟಿನ ಕೌಂಟರ್ ಮೇಲೆ ಇಟ್ಟಿರುವ ಆ ಕಾಫಿ ಬೀಜದ ಬಟ್ಟಲು. ಇದನ್ನು ಮೂಸಿದರೆ ದಣಿದ ಮೂಗು ಸರಿಹೋಗುತ್ತದಂತೆ! 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕಾಫಿ ಬೀಜ, ನಿಂಬೆ ಹೋಳು, ಬರೀ ಗಾಳಿ ಮೂರನ್ನೂ ಹೋಲಿಸಿ ನೋಡಿದ್ದರು. ಬರೀ ಗಾಳಿಗಿಂತ ಕಾಫಿ ಏನೂ ಮೇಲಾಗಿರಲಿಲ್ಲ. ಗಾಳಿ ಎಲ್ಲಿದೆ? ಬಾಗಿಲಾಚೆ! ಬಿಡಿ ಅಂದೆನಲ್ಲ, ಹೊರಗೆ ಬಿಡಿ.

ಮುಖದ ಬಣ್ಣಕ್ಕೆ ಹೊಂದಿಸಿ ಹಚ್ಚುವ ಫೌಂಡೇಶನ್ ಕತೆಯೂ ಇದೇ. ಕೆಲವು ಹಚ್ಚಿದ ಸ್ವಲ್ಪ ಹೊತ್ತಿಗೆ ಬಣ್ಣ ಗಾಢವಾಗುತ್ತವೆ. ಅಂಗಡಿ ದೀಪದಲ್ಲಿ ಹೊಂದಿದ್ದು ಬಿಸಿಲಲ್ಲಿ ಹೊಂದುವುದಿಲ್ಲ. ಅಂದಹಾಗೆ, ಟೆಸ್ಟರ್ ಲಿಪ್‌ಸ್ಟಿಕ್ಕನ್ನು ನೇರವಾಗಿ ತುಟಿಗೆ ಒತ್ತಲೇಬೇಡಿ. ಅದರ ಮೇಲೆ ಬೇರೆ ವಿಡಿಯೋ ಮಾಡಿದ್ದೇನೆ, ಇದು ಮುಗಿದ ಮೇಲೆ ನೋಡಿ.

ಕೌಂಟರ್‌ನಲ್ಲಿ ನಿಂತ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ದಿನಪೂರ್ತಿ ನಿಂತೇ ಇರುತ್ತಾಳೆ, ಮೇಲೆ ತಿಂಗಳ ಟಾರ್ಗೆಟ್ ಬೇರೆ. "ಮ್ಯಾಮ್, ಪ್ಯಾಕ್ ಮಾಡಲಾ?" ಅಂತ ಅವಳು ಅವಸರ ಮಾಡುವುದು ಅದಕ್ಕೇ. ಸಿಟ್ಟು ಏನಿದ್ದರೂ ಟಾರ್ಗೆಟ್ ಇಟ್ಟವರ ಮೇಲೆ.

ಸೀಲ್ ಒಡೆದ ಬಾಟಲಿಯನ್ನು ಎಷ್ಟೋ ಅಂಗಡಿಗಳು ವಾಪಸ್ ತಗೊಳ್ಳುವುದಿಲ್ಲ. ಸೀಲ್ ಒಡೆಯದೆ ಹಿಡಿಸಿತೋ ಇಲ್ಲವೋ ಹೇಗೆ ತಿಳಿಯಬೇಕು ಸ್ವಾಮಿ? ವಾಪಸ್ಸೂ ಇಲ್ಲ, ಕಾಯುವುದಕ್ಕೂ ಬಿಡುವುದಿಲ್ಲ. ಇದು ಯಾವ ನ್ಯಾಯ?

"ಹೊರಗೆ ಬಿಟ್ಟರೆ ಗಿರಾಕಿ ವಾಪಸ್ ಬರುವುದಿಲ್ಲ" ಅನ್ನುತ್ತಾರೆ ಅಂಗಡಿಯವರು. ಬರದಿದ್ದರೆ ಬೇಡ! ಹಿಡಿಸದವರ ಕೈಗೆ ಕಟ್ಟಿ ಕಳಿಸುವುದೂ ಒಂದು ವ್ಯಾಪಾರವಾ? ಹಚ್ಚಿ, ಬಿಡಿ. ಸುಮ್ನೆ ಬಿಟ್ಟು ನೋಡಿ. ನೂರು ಸಲ ಬೇಕಾದರೂ ಇದನ್ನೇ ಹೇಳುತ್ತೇನೆ, ಬಿಡಿ!

ಒಪ್ಪಿದವರು ಶೇರ್ ಮಾಡಿ, ಒಪ್ಪದವರು ಜಗಳಕ್ಕೆ ಬನ್ನಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಬಾಟಲಿ ಮೇಲಿನ ಇಡಿಪಿ, ಇಡಿಟಿ ಅಂದರೆ ಏನು, ಯಾವುದಕ್ಕೆ ಜಾಸ್ತಿ ದುಡ್ಡು ಕೊಡಬೇಕು ಅಂತ ಮಾತಾಡೋಣ.