ಸೀಟು ಬೇರೆ, ಪಾರ್ಟಿ ಬೇರೆ

ಎಲ್ಲಾ ಕೇಳುಗರಿಗೂ ನಮಸ್ಕಾರ. ಇವತ್ತು ಕೆನಡಾ ಸೆನೆಟ್ ಬಗ್ಗೆ ಮಾತಾಡಿ ಅಂದಿದಾರೆ, ಅಂದ್ರೆ ಅಲ್ಲಿನ ಮೇಲ್ಮನೆ. ಒಗ್ಗರಣೆ ಹಾಕ್ತಾ ಕೇಳ್ತಿರೋರು ಒಂದೇ ಒಂದು ಮಾತು ನೆನಪಿಟ್ಕೊಂಡ್ರೆ ಸಾಕು: ಸೀಟು ಬೇರೆ, ಪಾರ್ಟಿ ಬೇರೆ.

ಅಲ್ಲಿ ಒಟ್ಟು 105 ಸೀಟು, ಎಲೆಕ್ಷನ್ ಇಲ್ಲ. ಪ್ರಧಾನಿ ಹೆಸರು ಕೊಡ್ತಾರೆ, ಗವರ್ನರ್ ಜನರಲ್ ನೇಮಕ ಮಾಡ್ತಾರೆ, ಆಮೇಲೆ 75 ವರ್ಷ ತುಂಬೋವರೆಗೂ ಸೀಟು ನಿಮ್ಮದೇ. ಕೂರಿಸಿದ ಪ್ರಧಾನಿ ಸೋತು ಮನೆಗೆ ಹೋದ್ರೂ ಇವರು ಅಲ್ಲೇ ಇರ್ತಾರೆ.

ಈಗ ನನಗೆ ಬಲೇ ಇಷ್ಟವಾದ ಕಥೆ ಕೇಳಿ. 2014, ಜನವರಿ 29, ಬುಧವಾರ. ಬುಧವಾರ ಅಂದ್ರೆ ಅಲ್ಲಿ ಪಾರ್ಟಿಗಳ ಒಳಗಿನ ಮೀಟಿಂಗ್ ದಿನ, ಕಾಕಸ್ ಅಂತಾರೆ. ಆಗ ಸೆನೆಟರ್‌ಗಳ ಖರ್ಚಿನ ಬಿಲ್ಲುಗಳದ್ದು ದೊಡ್ಡ ರಾದ್ಧಾಂತ ನಡೀತಿತ್ತು. ಲಿಬರಲ್ ಪಾರ್ಟಿ ಲೀಡರ್ ಜಸ್ಟಿನ್ ಟ್ರೂಡೊ, ಇನ್ನೂ ಪ್ರಧಾನಿ ಆಗಿರಲಿಲ್ಲ, ತಮ್ಮದೇ ಪಾರ್ಟಿಯ 32 ಸೆನೆಟರ್‌ಗಳನ್ನ ಇನ್ಮೇಲೆ ನೀವ್ಯಾರೂ ನಮ್ಮ ಕಾಕಸ್‌ನಲ್ಲಿಲ್ಲ ಅಂತ ಒಂದೇ ಏಟಿಗೆ ಆಚೆ ಹಾಕ್ಬಿಟ್ರು! ದಶಕಗಟ್ಟಲೆ ಪಾರ್ಟಿಗೆ ದುಡಿದವರೂ ಇದ್ರು ಅದ್ರಲ್ಲಿ. ಸರಿ, ಗಂಟುಮೂಟೆ ಕಟ್ಟಿದ್ರಾ? ಎಲ್ಲಿ ಬಂತು! ಜೇಮ್ಸ್ ಕೋವನ್ ಅಂತ ಅವರ ಲೀಡರ್, ಎಲ್ಲರನ್ನೂ ಕರ್ಕೊಂಡು ಹೋಗಿ ಅದೇ ಜಾಗದಲ್ಲಿ ಕೂತ್ರು, ನಾವು ಸೆನೆಟ್ ಲಿಬರಲ್ಸ್ ಅಂದ್ರು. ಸ್ಪೀಕರೂ ಒಪ್ಕೊಂಡ್ರು. ಅಧಿಕೃತ ವಿರೋಧ ಪಕ್ಷ ಅವರೇ, ವಿರೋಧ ಪಕ್ಷದ ನಾಯಕ ಕೋವನ್ನೇ. ಮೀಟಿಂಗ್ ರೂಮಿನ ಬಾಗಿಲು ಮುಚ್ಚೋ ಅಧಿಕಾರ ಪಾರ್ಟಿ ಲೀಡರ್‌ಗಿದೆ, ಕುರ್ಚಿ ಎಳೆಯೋ ಅಧಿಕಾರ ಇಲ್ಲ. ಅದಕ್ಕೇ ಹೇಳಿದ್ದು, ಸೀಟು ಬೇರೆ, ಪಾರ್ಟಿ ಬೇರೆ. ಇಷ್ಟು ಹೇಳಿದ್ಮೇಲೂ, ಸರ್ ಹಾಗಾದ್ರೆ ಪಾರ್ಟಿ ಅವರಿಗೆ ವಿಪ್, ಅಂದ್ರೆ ಹೀಗೇ ಓಟು ಹಾಕಿ ಅನ್ನೋ ಆದೇಶ, ಯಾಕೆ ಕೊಡಲಿಲ್ಲ ಅಂತ ಕೇಳೋರಿದಾರೆ. ಅಯ್ಯೋ, ಕಾಕಸ್ಸಲ್ಲೇ ಇಲ್ಲದವರಿಗೆ ಎಂಥ ವಿಪ್ಪು ಸ್ವಾಮಿ?

ಅಯ್ಯೋ ಟೈಮ್ ಓಡ್ತಿದೆ, ಗಾಜಿನಾಚೆ ಕೈ ಸನ್ನೆ ಶುರುವಾಯ್ತು. ಬೇಗ ಹೇಳ್ತೀನಿ. ಟ್ರೂಡೊ ಪ್ರಧಾನಿ ಆದ್ಮೇಲೆ ಹೊಸ ಸೆನೆಟರ್‌ಗಳ ಹೆಸರು ಸೂಚಿಸೋಕೆ ಒಂದು ಸಲಹಾ ಮಂಡಳಿ ಮಾಡಿದ್ರು. 2016ರಲ್ಲಿ ಪಾರ್ಟಿ ಬೇಡ ಅನ್ನೋ ಸೆನೆಟರ್‌ಗಳು ತಮ್ಮದೇ ಗುಂಪು ಕಟ್ಟಿದ್ರು, ಲೀಡರ್ ಅನ್ನೋ ಪದಾನೂ ಬೇಡ ಅಂತ ಮುಖ್ಯಸ್ಥರನ್ನ ಫೆಸಿಲಿಟೇಟರ್ ಅಂತ ಕರೆದ್ರು. ಸರ್ಕಾರದ ಕಡೆಯಿಂದ ಬಂದ ಪೀಟರ್ ಹಾರ್ಡರ್ ಕೂಡ ಲೀಡರ್ ಅನ್ನಿಸ್ಕೊಳ್ಳಲಿಲ್ಲ, ಸರ್ಕಾರದ ಪ್ರತಿನಿಧಿ ಅಷ್ಟೇ. ಇನ್ನೊಂದು ದೊಡ್ಡ ಪಾರ್ಟಿ ಕನ್ಸರ್ವೇಟಿವ್‌ನವರು ಮಾತ್ರ ಹಳೇ ಪದ್ಧತಿ ಬಿಡಲಿಲ್ಲ, ಕೆಳಮನೆ ಸಂಸದರ ಜೊತೆ ಒಂದೇ ಕಾಕಸ್.

ನಮ್ಮ ರಾಜ್ಯಸಭೇಲೂ 12 ಜನ ನಾಮನಿರ್ದೇಶಿತರಿದಾರಲ್ಲ, ಅವರು ಪಾರ್ಟಿ ಸೇರೋದಾದ್ರೆ ಆರು ತಿಂಗಳೊಳಗೆ ಸೇರಬೇಕು, ತಡ ಮಾಡಿ ಸೇರಿದ್ರೆ ಸೀಟಿಗೇ ಕುತ್ತು. ನೋಡಿ, ಇಲ್ಲಿ ಸೀಟಿಗೂ ಪಾರ್ಟಿಗೂ ಗಂಟು ಹಾಕಿದಾರೆ, ಅದನ್ನ ಬಿಡಿಸೋಕೆ ಇನ್ನೊಂದು ದಿನ ಕರೀಬೇಕು ನೀವು. ಕೆಂಪು ಲೈಟ್ ಆರ್ತಾ ಇದೆ, ನಮಸ್ಕಾರ.